ಅಪ್ಪನ ಟ್ರ್ಯಾಕ್ಟರಿಗೆ ದೊಡ್ಡ ಇಂಜಿನ್ನೋ, ಬೇರೆ ಟ್ರ್ಯಾಕ್ಟರೋ?

ಭಾಗ 1/6

ಒಂದು ಪ್ರಶ್ನೆ ಕೇಳ್ತೀನಿ, ಮುಂದೆ ಓದೋಕಿಂತ ಮೊದಲು ಮನಸ್ಸಿನಾಗ ಉತ್ತರ ಇಟ್ಕೊಳ್ರಿ. ನಿಮ್ಮ ಮನೆಯ ಹಳೇ ಟ್ರ್ಯಾಕ್ಟರಿನ ಇಂಜಿನ್ ಹೋಗೈತಿ. ಗೋವಿನಜೋಳದ ಸುಗ್ಗಿಗೆ ಇನ್ನೊಂದೇ ತಿಂಗಳು. ಕೈಯಲ್ಲಿ ಇರೋದು ಒಂದು ಲಕ್ಷ. ಅದೇ ಗಾಡಿಗೆ ದೊಡ್ಡ ಇಂಜಿನ್ ಕೂಡಿಸ್ತೀರೋ, ಸಾಲ ಮಾಡಿ ಬೇರೆ ಗಾಡಿ ತರ್ತೀರೋ?

ಸ್ಟೋರಿಯಲ್ಲಿ ಪೋಲ್ ಹಾಕಿದಾಗ ನಿಮ್ಮಲ್ಲಿ ಹೆಚ್ಚಿನವರು ‘ದೊಡ್ಡ ಇಂಜಿನ್’ ಒತ್ತಿದ್ರಿ. ನಾನೂ ಅದನ್ನೇ ಒತ್ತಿರ್ತಿದ್ದೆ. ಅದಕ್ಕೇ ಈ ಸರಣಿ.

ನಮ್ಮದು ಎಚ್‌ಎಂಟಿ, 25 ಎಚ್‌ಪಿ, ಎರಡು ಸಿಲಿಂಡರ್. ಅಜ್ಜ 1996ರಲ್ಲಿ ತಂದದ್ದು. ನಂಬರ್ ಪ್ಲೇಟ್ ಮೇಲೆ ಕೆಎ 25 ಅಂತ ಐತಿ. ‘ಸವಣೂರಿನ ಗಾಡಿ ಧಾರವಾಡದ ನಂಬರ್ ಯಾಕೆ’ ಅಂತ ಕ್ಲಾಸಲ್ಲಿ ಕೇಳಿದ್ರಲ್ಲ, ಇದೇ ಉತ್ತರ: ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ನಮ್ಮ ಕೆಎ 27ಕ್ಕಿಂತ ನಮ್ಮ ಟ್ರ್ಯಾಕ್ಟರ್ ಹಿರಿದು.

ಹೋದ ಸೆಪ್ಟೆಂಬರಿನಲ್ಲಿ ರೇಡಿಯೇಟರಿನ ನೀರು ನೋಡದೆ ಓಡಿಸಿದ್ವಿ. ತಪ್ಪು ಪೂರ್ತಿ ನಮ್ದೇ. ಬಿಸಿಯಾಗಿ ಬ್ಲಾಕ್ ಸೀಳಿತು. ಅಪ್ಪ ಕಟ್ಟೆ ಮ್ಯಾಲೆ ಕುಂತು ಅವತ್ತು ಚಹಾನೂ ಕುಡೀಲಿಲ್ಲ.

ಭಾಗ 2/6

ಮೆಕ್ಯಾನಿಕ್ ಕಾಕಾ ಬಂದು ನೋಡಿ, ‘ಈ ಬ್ಲಾಕ್ ಮತ್ತ ಬರೂದಿಲ್ಲ’ ಅಂದ್ರು. ಎಚ್‌ಎಂಟಿ 1953ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಸರ್ಕಾರಿ ಕಂಪನಿ. ನಿಮ್ಮ ಅಜ್ಜನ ಕೈಯಾಗಿನ ವಾಚ್ ಅದರದ್ದೇ ಇರಬಹುದು. ಟ್ರ್ಯಾಕ್ಟರ್ ಮಾತ್ರ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದ ಜೆಟಾರ್ ಕಂಪನಿಯ ತಂತ್ರಜ್ಞಾನದಿಂದ, 1971ರಲ್ಲಿ ಶುರುವಾಯಿತು. ಆ ವಿಭಾಗವನ್ನು ಮುಚ್ಚೋಕೆ ಕೇಂದ್ರ ಸಂಪುಟ 2016ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಂದ್ರೆ ನಮ್ಮ ಗಾಡಿಗೆ ತವರುಮನೆ ಇಲ್ಲ. ಸಾಮಾನು ಬೇಕಂದ್ರೆ ಇನ್ನೊಂದು ಗಾಡಿ ಬಿಚ್ಚಿದವರನ್ನೇ ಹುಡುಕಬೇಕು.

ಕಾಕಾ ಒಂದು ಉಪಾಯ ಹೇಳಿದ್ರು. ಬೇರೆ ಕಂಪನಿಯ 40 ಎಚ್‌ಪಿ ಇಂಜಿನ್ ಒಂದು ಗುಜರಿಯಲ್ಲಿ ಸಿಕ್ಕೈತಿ, ನಡುವೆ ಒಂದು ಅಡಾಪ್ಟರ್ ಪ್ಲೇಟ್ ಮಾಡಿಸಿ ಕೂಡಿಸಿದ್ರೆ ‘ಎರಡರಷ್ಟು ಎಳೀತದ’.

ಅಪ್ಪನ ಮುಖ ಅರಳಿತು. 2023ರಲ್ಲಿ ನಮ್ಮೂರ ದೊಡ್ಡಹುಣಸೆ ಮಠದ ಮೂರು ಮರಗಳಲ್ಲಿ ಒಂದು ಮಳೆಗೆ ಬುಡಸಮೇತ ಬಿತ್ತಲ್ಲ, ಅದನ್ನ ಎತ್ತಿ ಮತ್ತೆ ನೆಟ್ಟರಲ್ಲ, ಅದನ್ನೇ ನೆನಪಿಸಿದ್ರು. ‘ಅಂಥಾ ಮರಾನ ಎತ್ತಿ ನಿಲ್ಸ್ಯಾರ. ಅಪ್ಪ ತಂದ ಗಾಡಿ ನಾ ಯಾಕ ಕೈಬಿಡ್ಲಿ?’

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಕಾಂ ಓದೋಳ ಹತ್ತಿರ ಇರೋದು ಒಂದೇ: ಎಕ್ಸೆಲ್ ಶೀಟ್. ತೆಗೆದೆ.

ಭಾಗ 3/6

ಕಾಸ್ಟಿಂಗ್ ಪೇಪರ್ ಬರೆಯೋರು ಇದನ್ನ ಸೇವ್ ಮಾಡ್ಕೊಳ್ರಿ. ಇದು ಪುಸ್ತಕದ ಲೆಕ್ಕ ಅಲ್ಲ, ಮನೆ ಲೆಕ್ಕ.

ಮೊದಲ ಜಗಳ ಟಯರಿನದ್ದು. ‘ಹೋದ ವರ್ಷ 42 ಸಾವಿರ ಕೊಟ್ಟು ಹಿಂದಿನ ಟಯರ್ ಹಾಕ್ಸೀನಿ, ಅದು ನೀರಾಗ ಹೋಮ ಆಗ್ತದೇನು?’ ಅಂತ ಅಪ್ಪ. ಕೊಟ್ಟ 42 ಸಾವಿರ ಸಂಕ್ ಕಾಸ್ಟ್, ಯಾವ ದಾರಿ ಹಿಡಿದ್ರೂ ಅದು ವಾಪಸ್ ಬರಲ್ಲ, ಲೆಕ್ಕಕ್ಕೆ ತಗೋಬಾರದು. ಇಷ್ಟು ನಮಗೆಲ್ಲ ಗೊತ್ತು. ಆದ್ರೆ ಇಲ್ಲೊಂದು ಸೂಕ್ಷ್ಮ ಐತಿ: ಆ ಟಯರಿಗೆ ಇವತ್ತು ಸಿಗೋ ಬೆಲೆ ಸಂಕ್ ಅಲ್ಲ. ಗಾಡಿ ಮಾರಿದ್ರೆ ಆ ಬೆಲೆ ಬರ್ತದೆ. ಹಾಗಾಗಿ ಕೊಟ್ಟ ರೊಕ್ಕ ಬಿಟ್ಟೆ, ಸಿಗೋ ರೊಕ್ಕ ಹಿಡಿದೆ.

ದಾರಿ ಒಂದು, ಇಂಜಿನ್ ಬದಲಿ. ಇಂಜಿನ್ 1,10,000, ಪ್ಲೇಟು ಮತ್ತು ಕೂಲಿ 35,000. ಒಟ್ಟು 1,45,000.

ದಾರಿ ಎರಡು, ಸೆಕೆಂಡ್ ಹ್ಯಾಂಡ್ 45 ಎಚ್‌ಪಿ ಟ್ರ್ಯಾಕ್ಟರ್. 3,60,000. ನಮ್ಮದನ್ನ ಇದ್ದಂಗೇ ಮಾರಿದ್ರೆ 95,000. ಕೈಯಿಂದ ಹೋಗೋದು 2,65,000.

ಇವತ್ತಿನ ಲೆಕ್ಕದಲ್ಲಿ ಇಂಜಿನ್ನೇ 1,20,000 ಅಗ್ಗ. ಅಪ್ಪ ಗೆದ್ದರು.

ಆಮೇಲೆ ಇನ್ನೊಂದು ಕಾಲಂ ಹಾಕಿದೆ: ಮೂರು ವರ್ಷದ ಮೇಲೆ ನಮ್ಮ ಹತ್ತಿರ ಏನು ಉಳೀತದೆ? ಸೆಕೆಂಡ್ ಹ್ಯಾಂಡ್ ಗಾಡಿ ಅಂದಾಜು 2,50,000ಕ್ಕೆ ಹೋಗಬಹುದು. ಕಾಗದ ಹೊಂದದ, ಕಸಿ ಮಾಡಿದ ಗಾಡಿಯನ್ನ ಗುಜರಿಯವರು 60,000ಕ್ಕೆ ತಗೊಂಡ್ರೆ ದೊಡ್ಡದು. ಹಂಗ ನೋಡಿದ್ರೆ ಮೊದಲ ದಾರಿಗೆ ನಿಜವಾದ ಖರ್ಚು 85,000, ಎರಡನೆಯದಕ್ಕೆ ಬರೀ 15,000. ಬೇರೆ ಗಾಡಿಯೇ 70,000 ಲಾಭ. ಆದ್ರೆ ಅದಕ್ಕೆ ಹೆಚ್ಚು ಸಾಲ ಬೇಕಲ್ಲ, ಆ 1,20,000ಕ್ಕೆ ನೂರಕ್ಕೆ 12ರಂತೆ ಮೂರು ವರ್ಷದ ಬಡ್ಡಿ 43,200 ಕಳೆದೆ. ಉಳಿದದ್ದು 26,800.

ಇಷ್ಟೇ. ನನ್ನ ಮಾರಾಟದ ಅಂದಾಜು ಸ್ವಲ್ಪ ತಪ್ಪಿದ್ರೂ ಉತ್ತರ ತಿರುಗಿ ಬೀಳ್ತಿತ್ತು. ಶೀಟ್ ಕೈಚೆಲ್ಲಿತು ನೋಡ್ರಿ.

ಭಾಗ 4/6

‘ಕಾಗದ ಹೊಂದದ’ ಅಂದೆನಲ್ಲ, ಅದನ್ನ ಬಿಡಿಸಿ ಹೇಳ್ತೀನಿ. ಬುಲೆಟ್, ಜೀಪು ಅಂತ ಮಾಡಿಫೈ ಮಾಡೋ ಗೆಳೆಯರೂ ಓದ್ರಿ.

ಆರ್‌ಸಿಯಲ್ಲಿ ಇಂಜಿನ್ ನಂಬರ್, ಚಾಸಿ ನಂಬರ್ ಎರಡೂ ಇರ್ತಾವೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ಕಂಪನಿಯ ಅದೇ ಮಾದರಿಯ ಇಂಜಿನ್ ಹಾಕೋದು ಒಂದು ಮಾತು, ಅದಕ್ಕೂ ಆರ್‌ಟಿಒ ಒಪ್ಪಿಗೆ ಪಡೆದು ಹೊಸ ನಂಬರ್ ಆರ್‌ಸಿಯಲ್ಲಿ ಏರಿಸಬೇಕು. 25 ಎಚ್‌ಪಿ ಜಾಗದಲ್ಲಿ ಬೇರೆ ಕಂಪನಿಯ 40 ಎಚ್‌ಪಿ ಅಂದ್ರೆ ಅದು ಬೇರೆ ಮಾತು.

ಇನ್ನೊಂದು: ಟ್ರ್ಯಾಕ್ಟರಿನ ನೋಂದಣಿ ಮೊದಲು 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. ನಮ್ಮದರ ಸರದಿ 2026ರಲ್ಲಿ ಬರ್ತಿತ್ತು. ಅವತ್ತು ಇಂಜಿನ್ ನಂಬರ್ ನೋಡ್ತಾರೆ. ಅದಕ್ಕೂ ಮೊದಲು ರಸ್ತೆಯಲ್ಲಿ ಏನಾದ್ರೂ ಆದ್ರೆ ವಿಮೆಯವರು ಮೊದಲು ಅದನ್ನೇ ನೋಡ್ತಾರೆ.

ಅಪ್ಪ ಇದನ್ನೆಲ್ಲ ಕೇಳಿ, ‘ಊರಾಗ ಯಾರು ನೋಡ್ತಾರ ಬಿಡು’ ಅಂದ್ರು. ನಿಮ್ಮ ಮನೆಯಲ್ಲೂ ಇದೇ ಮಾತು ಬರ್ತದೆ, ಬರೆದಿಟ್ಕೊಳ್ರಿ.

ಭಾಗ 5/6

ಹಾಗಾಗಿ ನಾನೇ ಗ್ಯಾರೇಜಿಗೆ ಹೋಗಿ ಕಾಕಾನ ಕೇಳಿದೆ. ‘ತಂಗಿ, ನಿನ್ನ ಕಾಮರ್ಸಿಗೆ ಇದ್ಯಾಕ?’ ಅಂತ ನಕ್ಕರು. ಆದ್ರೆ ಒಳ್ಳೆ ಮನುಷ್ಯ, ಬಿಚ್ಚಿದ ಗಾಡಿಯ ಮುಂದೆ ನಿಂತು ತೋರಿಸಿದ್ರು.

ಲಾರಿಗೆ ಉದ್ದ ಚಾಸಿ ಇರ್ತದೆ, ಇಂಜಿನ್ ಅದರ ಮೇಲೆ ಕೂತಿರ್ತದೆ. ನಮ್ಮ ಟ್ರ್ಯಾಕ್ಟರಿಗೆ ಹಂಗ ಬೇರೆ ಚಾಸಿ ಇಲ್ಲ. ಇಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಮೂರನ್ನೂ ಬೋಲ್ಟಿನಿಂದ ಬಿಗಿದದ್ದೇ ಅದರ ಬೆನ್ನೆಲುಬು. ಇಂಜಿನ್ ಬದಲಿಸೋದು ಅಂದ್ರೆ ಬೆನ್ನೆಲುಬಿನ ಒಂದು ತುಂಡು ಬದಲಿಸಿದಂಗ. ಹೊಸ ಇಂಜಿನ್ ಹೆಚ್ಚು ತಿರುಚಿದ್ರೆ ಆ ಬಲ ಕ್ಲಚ್, ಗೇರು, ಆಕ್ಸಲ್ ದಾಟಿಯೇ ಚಕ್ರಕ್ಕೆ ಹೋಗಬೇಕು. ಅವೆಲ್ಲ 25 ಎಚ್‌ಪಿಗೆ ಮಾಡಿದವು.

ಇನ್ನು ಎಳೆಯೋ ಶಕ್ತಿ. ಅದನ್ನ ಕೊನೆಗೆ ತೀರ್ಮಾನ ಮಾಡೋದು ಹಿಂದಿನ ಟಯರಿನ ಮೇಲಿರೋ ಭಾರ ಮತ್ತು ನೆಲದ ಹಿಡಿತ. ನಮ್ಮ ಎರೆಹೊಲದಲ್ಲಿ ಮಳೆ ಬಿದ್ದ ಮರುದಿನ 25 ಎಚ್‌ಪಿ ಗಾಡಿ ಜಾರೋ ಕಡೆ, ಅಷ್ಟೇ ತೂಕದ 40 ಎಚ್‌ಪಿ ಗಾಡಿ ಇನ್ನೂ ಜೋರಾಗಿ ಜಾರ್ತದೆ. ಕೊಂಡಿ ಎತ್ತರಕ್ಕೆ ಕಟ್ಟಿದ್ರಂತೂ ಮುಂದಿನ ಚಕ್ರ ಮೇಲೇಳ್ತಾವೆ.

ಕೊನೆಯದು ನಾನು ಯೋಚನೆನೇ ಮಾಡಿರದ ಪ್ರಶ್ನೆ. ‘ಎಳೀತದ, ಹೌದು. ನಿಲ್ಸೋದು ಹೆಂಗ?’ ಗಾಡಿ ಎರಡು ಟನ್ನಿಗೂ ಕಡಿಮೆ. ಹಿಂದೆ ಟ್ರಾಲಿ, 60 ಕ್ವಿಂಟಲ್ ಗೋವಿನಜೋಳ, ಸೇರಿ ಏಳೂವರೆ ಟನ್. ಟ್ರಾಲಿಗೆ ಬ್ರೇಕೇ ಇಲ್ಲ. ನೂರು ಮೀಟರಿಗೆ ಐದು ಮೀಟರ್ ಇಳಿಯೋ ಇಳಿಜಾರಿನಲ್ಲಿ ಆ ಟ್ರಾಲಿ ಹಿಂದಿನಿಂದ ಸುಮಾರು 375 ಕೆಜಿ ಬಲದಲ್ಲಿ ದೂಡ್ತಾ ಇರ್ತದೆ. ವೇಗ ಎರಡರಷ್ಟಾದ್ರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟು. ದೊಡ್ಡ ಇಂಜಿನ್ ಇದ್ರೆ ಇನ್ನೂ ಹೇರ್ತೀವಿ, ಇನ್ನೂ ಜೋರು ಓಡಿಸ್ತೀವಿ. ಬ್ರೇಕು ಮಾತ್ರ 1996ರದ್ದೇ.

ಭಾಗ 6/6

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಅದನ್ನೇ ಕೇಳಿದೆ. ‘ನಿಲ್ಸೋದು ಹೆಂಗಪಾ?’

ಅಪ್ಪ ರೊಟ್ಟಿ ಮುರಿಯೋದು ಬಿಟ್ರು. ಸ್ವಲ್ಪ ಹೊತ್ತಿನ ಮೇಲೆ ಅವ್ವನ ಕಡೆ ನೋಡದೆ ಹೇಳಿದ್ರು. ಹಿಂದಿನ ವರ್ಷ ಸುಗ್ಗಿಯಲ್ಲಿ, ಹಳ್ಳದ ಸೇತುವೆಗೆ ಇಳಿಯೋ ಕಡೆ, ಹೆಚ್ಚು ಹೇರಿದ್ದ ಟ್ರಾಲಿ ದೂಡಿತ್ತಂತೆ. ಎರಡೂ ಬ್ರೇಕು ಒತ್ತಿ ನಿಂತ್ರೂ ಗಾಡಿ ಅಡ್ಡಡ್ಡ ಹೋಯಿತಂತೆ. ಎದುರಿಗೆ ಸೈಕಲ್ ಮೇಲೆ ಶಾಲೆ ಹುಡುಗರು ಬರ್ತಿದ್ರು. ಅಪ್ಪ ಗಾಡಿಯನ್ನ ಹೊಲಕ್ಕೆ ತಿರುಗಿಸಿದ್ರು, ಟ್ರಾಲಿ ಮಗ್ಗಲಾಯ್ತು. ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದು ‘ಕೊಂಡಿ ಪಿನ್ನು ಮುರೀತು’ ಅಂತ ಹೇಳಿದ್ರು. ನಾವು ನಂಬಿದ್ವಿ.

‘ಮತ್ತ್ಯಾಕ ದೊಡ್ಡ ಇಂಜಿನ್ ಬೇಕಂದ್ರಿ?’ ಅಂದ್ಲು ಅವ್ವ.

‘ಬಾಡಿಗಿ ಎರಡು ಖೇಪು ಹೆಚ್ಚು ಹೊಡದ್ರ ಇವಳ ಫೀಸು, ಸಾಲ ಎರಡೂ ಆಗ್ತಿತ್ತು.’

ನಾನು ಮಾಡಿದ ಶೀಟಿನಲ್ಲಿ ನನ್ನ ಫೀಸಿನ ಕಾಲಂ ಇರಲಿಲ್ಲ. ಅಪ್ಪನ ಲೆಕ್ಕದಲ್ಲಿ ಅದು ಮೊದಲಿನಿಂದಲೂ ಇತ್ತು.

ಮರುವಾರ 45 ಎಚ್‌ಪಿ ಗಾಡಿ ಬಂತು. ಹೆಚ್ಚು ತೂಕ, ಎಣ್ಣೆಯಲ್ಲಿ ಮುಳುಗಿದ ಬ್ರೇಕು. ಆದ್ರೂ ಹೇರೋದು ಮೊದಲಿಗಿಂತ ಹತ್ತು ಕ್ವಿಂಟಲ್ ಕಡಿಮೆ ಅಂತ ಅವ್ವನೇ ಷರತ್ತು ಹಾಕಿದ್ಲು. ಕಂತು ಕಟ್ಟೋದು ಸುಲಭ ಇಲ್ಲ. ಈ ಸೆಮಿಸ್ಟರ್ ನಾನು ಸಂಜೆ ಒಂದು ಅಂಗಡಿಯ ಲೆಕ್ಕ ಬರೀತೀನಿ, ಅದಕ್ಕೇ ನಿಮ್ಮ ಮೆಸೇಜಿಗೆ ತಡವಾಗಿ ಉತ್ತರ ಬರೋದು.

ಹಳೇ ಗಾಡಿಯನ್ನ ಶಿಗ್ಗಾವಿ ಕಡೆಯ ಒಬ್ಬ ರೈತರು ಒಯ್ದರು. ಅವರ ಹತ್ತಿರ ಅದೇ ಮಾದರಿಯ ಇನ್ನೊಂದು ಇಂಜಿನ್ ಇತ್ತು. ಬಿತ್ತೋಕೆ, ಹರಗೋಕೆ ಮಾತ್ರ ಬಳಸ್ತೀವಿ, ಟ್ರಾಲಿ ಕಟ್ಟಲ್ಲ ಅಂದ್ರು. ಆರ್‌ಸಿ ವರ್ಗಾವಣೆಯ 29, 30ನೇ ನಮೂನೆಗೆ ಸಹಿ ಆಗೋವರೆಗೂ ಅಪ್ಪ ಕೀಲಿ ಕೊಡಲಿಲ್ಲ. ಕೊಟ್ಟ ಮೇಲೆ ಅಜ್ಜ ಕಟ್ಟಿದ್ದ ಹಿತ್ತಾಳೆ ಗಂಟೆ ಬಿಚ್ಚಿ ಹೊಸ ಗಾಡಿಗೆ ಕಟ್ಟಿದ್ರು.

ಪೋಲಿನಲ್ಲಿ ‘ದೊಡ್ಡ ಇಂಜಿನ್’ ಒತ್ತಿದವರಿಗೆ ಒಂದೇ ಕೆಲಸ. ಇವತ್ತು ಮನೆಗೆ ಹೋಗಿ ಗಾಡಿ ಎಷ್ಟು ಎಳೀತದೆ ಅಂತ ಕೇಳಬ್ಯಾಡ್ರಿ. ಇಳಿಜಾರಿನಲ್ಲಿ ಎಲ್ಲಿ ನಿಲ್ತದೆ ಅಂತ ಕೇಳ್ರಿ. ಉತ್ತರ ಬರೋಕೆ ತಡ ಆದ್ರೆ, ಸ್ವಲ್ಪ ಹೊತ್ತು ಎದ್ದು ಹೋಗದೆ ಅಲ್ಲೇ ಕುಂತಿರ್ರಿ.

#ಸವಣೂರು #ಕೆಎ27 #ಟ್ರ್ಯಾಕ್ಟರ್ #ಬಿಕಾಂ_ಲೆಕ್ಕ