ಬೂಚು ತೆಗೆಯುವ ತಿರುಪು

ಸೀಸೆಯ ಬೂಚನ್ನು ತೆಗೆಯುವ ಉಕ್ಕಿನ ತಿರುಪೆಂದರೆ ಮದ್ಯಪಾನಿಗಳ ಉಪಕರಣವೆಂಬ ತಿರಸ್ಕಾರವು ನರಗುಂದದ ಕಡೆಯ ಸದ್ಗೃಹಸ್ಥರಲ್ಲಿ ಬಹುಕಾಲ ಇದ್ದದ್ದೇ. ಈ ಅಪವಾದದಲ್ಲಿ ಅರ್ಧ ಮಾತ್ರವೇ ನಿಜವು. ಆ ಸುರುಳಿಯ ಮೂಲವನ್ನು ಶೋಧಿಸಿದವರು ಅದನ್ನು ಪಾನಶಾಲೆಯಲ್ಲಿ ಕಾಣಲಿಲ್ಲ; ಬಂದೂಕಿನ ನಳಿಗೆಯಲ್ಲಿ ಕಂಡರು.

ಬಾಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಹಾರದೆ ಉಳಿದ ಗುಂಡನ್ನೂ ಬಟ್ಟೆಯ ಚೂರನ್ನೂ ಹೊರಗೆಳೆಯುವುದಕ್ಕೆ ಸಲಾಕೆಯ ತುದಿಗೆ ಇಂಥ ಸುರುಳಿಯನ್ನು ಸಿಕ್ಕಿಸುತ್ತಿದ್ದರು. ೧೮೫೮ರಲ್ಲಿ ನರಗುಂದದ ಬಾಬಾಸಾಹೇಬರು ಕಂಪನಿ ಸರಕಾರಕ್ಕೆ ಇದಿರಾಗಿ ನಿಂತಾಗ ಈ ಸೀಮೆಯಲ್ಲಿ ಬಳಕೆಯಲ್ಲಿದ್ದುವು ಬಾಯಿಂದ ತುಂಬುವ ಬಂದೂಕುಗಳೇ. ಅದರ ಹಿಂದಿನ ವರ್ಷ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಾರೆವೆಂದು ಕಾದಿ ಮಡಿದಿದ್ದರು. ಇಲ್ಲಿ ಪ್ರಜೆಗಳ ಕೈಯಿಂದ ಬಂದೂಕನ್ನು ಕಸಿದುಕೊಳ್ಳುತ್ತಿದ್ದ ಆ ಕಾಲದಲ್ಲಿಯೇ ಇಂಗ್ಲಂಡದ ಬರ್ಮಿಂಗ್‌ಹ್ಯಾಮ್ ಪಟ್ಟಣವು ಬಂದೂಕನ್ನೂ ತಿರುಪನ್ನೂ ತಯಾರಿಸಿ ಪರದೇಶಗಳಿಗೆ ಮಾರುತ್ತಿತ್ತು!

ಆಂಗ್ಲ ಗ್ರಂಥಗಳಲ್ಲಿ ೧೬೮೧ರಷ್ಟು ಹಿಂದೆಯೇ ಈ ತಿರುಪಿನ ಉಲ್ಲೇಖವುಂಟು. ಅಲ್ಲಿ ಅದಕ್ಕೆ ಹುಳುವೆಂದು ಹೆಸರು. ಆದರೆ ಇದಕ್ಕೆ ಮೊದಲು ಸರಕಾರದಿಂದ ಹಕ್ಕುಪತ್ರವನ್ನು ಪಡೆದವನು, ೧೭೯೫ರಲ್ಲಿ, ಸ್ಯಾಮ್ಯುಯೆಲ್ ಹೆನ್‌ಶಾಲ್ ಎಂಬ ಪಾದ್ರಿ. (ಧರ್ಮೋಪದೇಶಕನ ಬುದ್ಧಿಯು ಸೀಸೆಯ ಕೊರಳಿನತ್ತ ಹರಿದುದೇಕೋ!) ಅವನು ಸುರುಳಿಯ ಮೇಲ್ಗಡೆ ಒಂದು ದುಂಡು ಬಿಲ್ಲೆಯನ್ನಿಟ್ಟನು. ತಿರುಪು ಪೂರ್ತಿಯಾಗಿ ಇಳಿದ ಮೇಲೆ ಬಿಲ್ಲೆಯು ಬೂಚನ್ನು ಒತ್ತಿಹಿಡಿದು ತನ್ನೊಡನೆ ತಿರುಗಿಸುವುದರಿಂದ, ಗಾಜಿಗೆ ಅಂಟಿದ ಬೂಚು ಸಡಿಲವಾಗುತ್ತದೆ. ಇದನ್ನು ತಯಾರಿಸಿದವನು ಉಗಿಯಂತ್ರದ ಉದ್ಯಮದಲ್ಲಿ ವಾಟನ ಪಾಲುಗಾರನಾಗಿದ್ದ ಮ್ಯಾಥ್ಯೂ ಬೋಲ್ಟನ್. ೧೮೦೨ರಲ್ಲಿ ಎಡ್ವರ್ಡ್ ಥಾಮಸನ್ ಮುಂದುವರಿದು, ಒಂದೇ ದಿಕ್ಕಿಗೆ ತಿರುವುತ್ತ ಹೋದರೆ ಬೂಚು ತಾನಾಗಿ ಮೇಲೆ ಬರುವಂತೆ ಮಾಡಿದನು; ಹಿತ್ತಾಳೆಯ ಕವಚಕ್ಕೆ ತನ್ನ ಮುದ್ರೆಯ ಬಿಲ್ಲೆಯನ್ನೂ ಹಚ್ಚಿದನು. ೧೮೮೨ರಲ್ಲಿ ಜರ್ಮನಿಯ ಕಾರ್ಲ್ ವೀಂಕೆ ಮಡಿಚಿ ಕಿಸೆಯಲ್ಲಿಟ್ಟುಕೊಳ್ಳಬಹುದಾದ ತಿರುಪಿಗೆ ಹಕ್ಕು ಪಡೆದನು. ಉಪಾಹಾರಗೃಹಗಳ ಪರಿಚಾರಕರು ಇಂದಿಗೂ ಅದನ್ನು ಬಿಟ್ಟಿಲ್ಲ.

ಮಾರಾಟದ ಜಾಣ್ಮೆಯಲ್ಲಿ ಮಾತ್ರ ಅಮೆರಿಕದ ಕ್ಲಫ್ ಎಂಬವನು ಎಲ್ಲರನ್ನೂ ಮೀರಿಸಿದನು. ೧೮೭೦ರ ದಶಕದಲ್ಲಿ ಅವನು ಒಂದೇ ತಂತಿಯನ್ನು ಯಂತ್ರದಿಂದ ಬಾಗಿಸಿ ಬೆರಳಷ್ಟು ಚಿಕ್ಕ ತಿರುಪುಗಳನ್ನು ಮಾಡತೊಡಗಿದನು. ಇವು ಮದ್ಯಕ್ಕಲ್ಲ, ಔಷಧ ಮತ್ತು ಅತ್ತರಿನ ಸೀಸೆಗಳಿಗೆ. ಮುಂದೆ ಇಂಥವುಗಳ ಮರದ ಹಿಡಿಯ ಮೇಲೆ ವರ್ತಕರು ತಮ್ಮ ಹೆಸರನ್ನು ಅಚ್ಚುಹಾಕಿಸಿ ಗಿರಾಕಿಗಳಿಗೆ ಪುಕ್ಕಟೆಯಾಗಿ ಹಂಚಿದರು. ಕೊಂಡವನು ಪ್ರತಿ ಗುಟುಕಿಗೂ ಆ ಹೆಸರನ್ನು ಕಾಣಬೇಕಷ್ಟೆ! ಈ ಕಡೆಯ ದವಾಖಾನೆಗಳಲ್ಲಿಯೂ ಔಷಧಕ್ಕೆ ಬೂಚಿನ ಸೀಸೆಯೇ ಇದ್ದಿತು. ಹೊರಮೈಗೆ ಪ್ರಮಾಣ ತೋರಿಸುವ ಕಾಗದದ ಪಟ್ಟಿ. ತಿರುಪನ್ನು ನಿಷಿದ್ಧವೆಂದು ದೂರವಿಟ್ಟ ಮನೆಯಲ್ಲಿ ಬೂಚನ್ನು ಚಾಕುವಿನಿಂದ ಕೆದಕಿ, ಅದರ ಪುಡಿಯೊಡನೆ ರೋಗಿಯು ಔಷಧವನ್ನು ಕುಡಿಯಬೇಕಾಗುತ್ತಿತ್ತು.

ಈ ಉದ್ಯಮಕ್ಕೆ ಪೆಟ್ಟು ಬಿದ್ದದ್ದು ಪಾನನಿರೋಧದಿಂದಷ್ಟೇ ಅಲ್ಲ. ೧೮೭೨ರಲ್ಲಿ ಹೈರಮ್ ಕಾಡ್ ಸೀಸೆಯ ಕೊರಳಲ್ಲಿ ಗಾಜಿನ ಗೋಲಿಯನ್ನಿಟ್ಟನು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಹುಡುಗರು ಹೆಬ್ಬೆರಳಿನಿಂದ ಒತ್ತಿ ಕುಡಿದ ಗೋಲಿಸೋಡಾ ಇದೇ. ೧೮೯೨ರಲ್ಲಿ ವಿಲಿಯಮ್ ಪೇಂಟರನ ತಗಡಿನ ಮುಚ್ಚಳ ಬಂದಿತು. ಥಾಮಸನ್ನನ ತಿರುಪುಗಳೋ, ಈಗ ಸಂಗ್ರಾಹಕರ ಪೆಟ್ಟಿಗೆಗಳನ್ನು ಸೇರಿವೆ. ೧೯೭೪ರಲ್ಲಿ ಅವರು ತಮ್ಮದೇ ಒಂದು ಸಂಘವನ್ನೂ ಕಟ್ಟಿಕೊಂಡರು. ಅವರು ಕೊಳ್ಳುವಾಗ ಮೊದಲು ನೋಡುವುದು ಉಕ್ಕನ್ನಲ್ಲ, ಹಿಡಿಯ ತುದಿಯಲ್ಲಿ ಧೂಳು ಒರೆಸುವ ಕುಂಚದ ಕೂದಲು ಉಳಿದಿದೆಯೇ, ಮುದ್ರೆಯ ಬಿಲ್ಲೆ ಕಳಚದೆ ಇದೆಯೇ ಎಂಬುದನ್ನು.