ಸೋತವರ ಓಟಿಗೂ ಲೆಕ್ಕ ಉಂಟು

ನಮ್ಮ ಕಾಲೇಜಿನಲ್ಲಿ 'ಅಲ್ಪಸಂಖ್ಯಾತ' ಎಂಬ ಪದವನ್ನು ನಾವು ಹೆಚ್ಚಾಗಿ ನೋಡುವುದು ವಿದ್ಯಾರ್ಥಿವೇತನದ ಅರ್ಜಿಯಲ್ಲಿ. ಧರ್ಮದ ಕಾಲಂ ತುಂಬಿಸಿ, ಆದಾಯ ಪ್ರಮಾಣಪತ್ರ ಲಗತ್ತಿಸಿದರೆ ಆ ಪದದ ಕೆಲಸ ಮುಗಿಯಿತು. ಆದರೆ ರಾಜ್ಯಶಾಸ್ತ್ರ ಓದುತ್ತಾ, ಮಂಗಳೂರಿನಲ್ಲಿ ಬೆಳೆಯುತ್ತಾ ನನಗೆ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ ಎಂದು ಗೊತ್ತಾಯಿತು. ಧರ್ಮದಿಂದ ಅಲ್ಪಸಂಖ್ಯಾತರಾಗುವುದು ಒಂದು. ಚುನಾವಣೆಯಲ್ಲಿ ಸೋಲುವವರ ಕಡೆ ಇರುವುದು ಇನ್ನೊಂದು. ಇವೆರಡೂ ಒಂದೇ ಎಂದು ನಮ್ಮ ಊರಿನಲ್ಲಿ ಬಹಳ ಜನ ತಿಳಿದುಕೊಂಡಿದ್ದಾರೆ. ಒಂದೇ ಅಲ್ಲ ಎಂದು ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಊರಿನ ಲೆಕ್ಕ. ನಮ್ಮ ಲೋಕಸಭಾ ಕ್ಷೇತ್ರದಲ್ಲಿ 1977ರಿಂದ 1989ರವರೆಗೆ ಸತತ ನಾಲ್ಕು ಸಲ ಕಾಂಗ್ರೆಸ್ಸಿನ ಜನಾರ್ದನ ಪೂಜಾರಿಯವರು ಗೆದ್ದರು. 1991ರಿಂದ 2024ರವರೆಗೆ ಒಂಬತ್ತು ಚುನಾವಣೆ ನಡೆದಿದೆ, ಒಂಬತ್ತರಲ್ಲೂ ಬಿಜೆಪಿ ಗೆದ್ದಿದೆ. 2019ರ ನವೆಂಬರಿನಲ್ಲಿ ನಡೆದ ಮಹಾನಗರ ಪಾಲಿಕೆ ಚುನಾವಣೆಯಲ್ಲಿ 60 ವಾರ್ಡುಗಳ ಪೈಕಿ 44 ಬಿಜೆಪಿಗೆ, 14 ಕಾಂಗ್ರೆಸ್ಸಿಗೆ, 2 ಎಸ್‌ಡಿಪಿಐಗೆ ಹೋದವು. ನನ್ನ ಉಪ್ಪನಿಗೆ ನಲವತ್ತೆಂಟು ವರ್ಷ. 1996ರಿಂದ ಎಂಟು ಲೋಕಸಭಾ ಚುನಾವಣೆಗಳಲ್ಲಿ ಓಟು ಹಾಕಿದ್ದಾರೆ. ಒಂದು ಸಲವೂ ಅವರು ಓಟು ಹಾಕಿದವರು ಗೆದ್ದಿಲ್ಲ. ಆದರೂ ಪ್ರತಿ ಸಲ ಬೆಳಿಗ್ಗೆ ಏಳಕ್ಕೇ ಸಾಲಿನಲ್ಲಿ ನಿಲ್ಲುತ್ತಾರೆ.

ಉಪ್ಪನದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಅಲ್ಲಿ ಒಂದು ನಿಯಮ ಇದೆ, ಎಲ್ಲೂ ಬರೆದು ಹಾಕಿಲ್ಲ ಅಷ್ಟೆ. ಪೇಪರ್ ಯಾರೂ ಓದಬಹುದು, ಸುದ್ದಿಯ ಬಗ್ಗೆ ಉಪ್ಪ ಮಾತಾಡುವುದಿಲ್ಲ. ಗಿರಾಕಿಗಳಲ್ಲಿ ಹೆಚ್ಚಿನವರು ಗೆಲ್ಲುವ ಕಡೆಯವರು. ಕೆಟ್ಟವರಲ್ಲ. ಉಮ್ಮ ಆಸ್ಪತ್ರೆಯಲ್ಲಿದ್ದ ವಾರ ಅಂಗಡಿಯ ಬಾಗಿಲು ತೆಗೆದು ಹಾಕಿದ್ದು ಅವರಲ್ಲೇ ಒಬ್ಬರು. ಎಣಿಕೆಯ ದಿನ ಅವರೇ ಲಾಡು ಹಿಡಿದುಕೊಂಡು ಬಂದರು. ಉಪ್ಪ ಲಾಡು ತಿಂದು, ಶುಭಾಶಯ ಹೇಳಿ, ಜೆರಾಕ್ಸ್ ಮಾಡಲು ಒಳಗೆ ಹೋದರು. ಇಷ್ಟು ವರ್ಷದ ಸ್ನೇಹದಲ್ಲಿ ಈ ಒಂದು ವಿಷಯ ಮಾತ್ರ ಅವರಿಬ್ಬರ ನಡುವೆ ಬಂದದ್ದಿಲ್ಲ. ಏಕಪಕ್ಷೀಯ ಊರಿನಲ್ಲಿ ಅಲ್ಪಮತದವರು ಹೇಗೆ ಬದುಕುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಯಾರೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ನಾವಾಗಿಯೇ ಸ್ವಲ್ಪ ಸ್ವಲ್ಪ ಸುಮ್ಮನಾಗುತ್ತಾ ಹೋಗುತ್ತೇವೆ.

ಮತದಾನ ಗುಟ್ಟಿನದು ಎಂದು ನಾವು ಪಾಠದಲ್ಲಿ ಓದುತ್ತೇವೆ. ಒಬ್ಬ ವ್ಯಕ್ತಿಯ ಮಟ್ಟಿಗೆ ಅದು ನಿಜ. ಬೂತಿನ ಮಟ್ಟಿಗೆ ನಿಜವಲ್ಲ. ಎಣಿಕೆ ಮುಗಿದ ಮೇಲೆ ನಮೂನೆ 20 ಎಂಬ ಅಂತಿಮ ಫಲಿತಾಂಶ ಪಟ್ಟಿ ತಯಾರಾಗುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಎಂದು ಅದರಲ್ಲಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ನಮ್ಮ ಓಣಿಯಲ್ಲಿ ಮುಸ್ಲಿಮರ ಮನೆ ನಾಲ್ಕು. ಬೂತಿನಲ್ಲಿ ಸೋತವರಿಗೆ ಬಿದ್ದ ಓಟು ಕೆಲವೇ ಕೆಲವು. ಲೆಕ್ಕ ಹಾಕುವವರಿಗೆ ಕ್ಯಾಲ್ಕುಲೇಟರ್ ಬೇಕಾಗುವುದಿಲ್ಲ. ಒಂದು ಮಳೆಗಾಲ ಮನೆಯೆದುರಿನ ಚರಂಡಿಯ ಚಪ್ಪಡಿ ಮುರಿಯಿತು. ಉಮ್ಮ ಹೋಗಿ ಕೇಳಿದಾಗ ಪಕ್ಷದ ಕಾರ್ಯಕರ್ತರೊಬ್ಬರು ನಗುತ್ತಲೇ, "ನಿಮ್ಮ ಮನೆಯಿಂದ ನಮಗೆ ಎಷ್ಟು ಓಟು ಬಂದಿದೆ ಅಂತ ಗೊತ್ತುಂಟು" ಎಂದರಂತೆ. ತಮಾಷೆಯೇ ಇರಬಹುದು. ಆದರೆ ಉಮ್ಮ ಮತ್ತೆ ಆ ಕಡೆ ಹೋಗಲಿಲ್ಲ.

ಇದು ನಮ್ಮ ಓಣಿಯ ಸಮಸ್ಯೆ ಮಾತ್ರ ಅಲ್ಲ. ಕಾಗದದ ಮತಪತ್ರ ಇದ್ದ ಕಾಲದಲ್ಲಿ ಬೇರೆ ಬೇರೆ ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸುವುದಕ್ಕೆ ನಿಯಮವಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಬೂತಿನ ಲೆಕ್ಕ ಬಯಲಾಯಿತು. ಅದಕ್ಕಾಗಿ ಚುನಾವಣಾ ಆಯೋಗ 2008ರಲ್ಲಿ ಟೋಟಲೈಸರ್ ಎಂಬ ಉಪಕರಣವನ್ನು ಸೂಚಿಸಿತು. ಹದಿನಾಲ್ಕು ಮತಯಂತ್ರಗಳನ್ನು ಒಟ್ಟಿಗೆ ಜೋಡಿಸಿ ಮೊತ್ತ ಮಾತ್ರ ತೋರಿಸುವ ಉಪಕರಣ ಅದು. ಕಾನೂನು ಆಯೋಗವೂ 2015ರ ತನ್ನ 255ನೇ ವರದಿಯಲ್ಲಿ ಇದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಎಲ್ಲಿ ಹಿಂದೆ ಬಿದ್ದಿದ್ದೇವೆ ಎಂದು ತಿಳಿಯಲು ಬೂತಿನ ಲೆಕ್ಕ ಪಕ್ಷಗಳಿಗೆ ಬೇಕು ಎಂಬ ವಾದವಿದೆ. ಅದರಲ್ಲೂ ಅರ್ಥವಿದೆ. ಆದರೆ ನಾಲ್ಕು ಮನೆಯವರ ಕಡೆ ನಿಂತು ನೋಡಿದರೆ ಟೋಟಲೈಸರ್ ಒಂದು ಬಾಗಿಲಿನ ಚಿಲಕದಂತೆ ಕಾಣುತ್ತದೆ.

ಈಗ ನಮ್ಮ ಓಣಿಯ ಕೊನೆಯ ಮನೆಯ ವಿಷಯ. ಅಲ್ಲಿ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ. ದಿನಾ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗುವವರು. ಅವರೂ ಸೋಲುವವರ ಕಡೆಯೇ. ಆದರೆ ಯಾರಿಗೂ ಅವರ ಮೇಲೆ ಸಂಶಯ ಇಲ್ಲ. ಅವರ ಓಟು ಕೂಡ ನಮ್ಮ ನಾಲ್ಕು ಮನೆಗಳ ಖಾತೆಗೇ ಜಮಾ ಆಗುತ್ತದೆ. ಒಂದು ದಿನ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ ಅವರು ಉಪ್ಪನಿಗೆ ಹೇಳಿದರು: "ನಿಮಗಾದರೆ ನಾಲ್ಕು ಮನೆ ಉಂಟು. ನನಗೆ ನನ್ನ ಮನೆಯೊಳಗೇ ನಾನೊಬ್ಬ." ಅವರ ಇಬ್ಬರು ಮಕ್ಕಳೂ ಸೊಸೆಯರೂ ಗೆಲ್ಲುವ ಕಡೆಯವರು.

ಆ ಮಾತು ಕೇಳಿದ ಮೇಲೆ ನಾನು ಒಂದು ಲೆಕ್ಕ ಹಾಕಿ ನೋಡಿದೆ. 2024ರಲ್ಲಿ ದಕ್ಷಿಣ ಕನ್ನಡದಲ್ಲಿ ಬಿಜೆಪಿ ಅಭ್ಯರ್ಥಿಗೆ 7.64 ಲಕ್ಷ ಓಟು ಬಿತ್ತು, ಕಾಂಗ್ರೆಸ್ ಅಭ್ಯರ್ಥಿಗೆ 6.14 ಲಕ್ಷ. ಅಂದರೆ ಸೋತವರಿಗೆ ನೂರಕ್ಕೆ ನಲವತ್ತಕ್ಕೂ ಹೆಚ್ಚು. 2011ರ ಜನಗಣತಿಯ ಪ್ರಕಾರ ಜಿಲ್ಲೆಯಲ್ಲಿ ಮುಸ್ಲಿಮರು ನೂರಕ್ಕೆ ಸುಮಾರು 24, ಕ್ರೈಸ್ತರು ಸುಮಾರು 8. ಈ ಎರಡೂ ಸಮುದಾಯದ ಒಬ್ಬರೂ ಬಿಡದೆ ಎಲ್ಲರೂ ಒಂದೇ ಕಡೆ ಓಟು ಹಾಕಿದರು ಎಂದುಕೊಳ್ಳೋಣ. ಹಾಗೆ ಎಲ್ಲಿಯೂ ಆಗುವುದಿಲ್ಲ, ಆದರೂ ಎಂದುಕೊಳ್ಳೋಣ. ಆಗಲೂ ಲೆಕ್ಕ ತುಂಬುವುದಿಲ್ಲ. ಉಳಿದ ಓಟು ಎಲ್ಲಿಂದ ಬಂತು? ಮಾಸ್ತರರಂಥವರಿಂದ. ನಮ್ಮ ಜಿಲ್ಲೆಯಲ್ಲಿ ಅಂಥವರು ಲಕ್ಷಕ್ಕೂ ಮಿಕ್ಕಿ ಇದ್ದಾರೆ. ಒಬ್ಬರಿಗೊಬ್ಬರು ಗೊತ್ತಿಲ್ಲ ಅಷ್ಟೆ. ಹೆಸರು ಕೇಳಿದ ಕೂಡಲೇ ಓಟು ಯಾರಿಗೆ ಎಂದು ತೀರ್ಮಾನಿಸುವವರು ನಮ್ಮನ್ನು ಮಾತ್ರ ತಪ್ಪು ತಿಳಿಯುವುದಲ್ಲ, ಮಾಸ್ತರರನ್ನು ಲೆಕ್ಕದಿಂದಲೇ ಅಳಿಸಿಬಿಡುತ್ತಾರೆ. ಅದೇ ರೀತಿ ಗೆದ್ದ ಪಕ್ಷಕ್ಕೆ ಓಟು ಹಾಕಿದ ಮುಸ್ಲಿಮರನ್ನೂ.

ಇನ್ನೊಂದು ವಿಷಯ. 2013ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಎಂಟು ಕ್ಷೇತ್ರಗಳಲ್ಲಿ ಏಳು ಕಾಂಗ್ರೆಸ್ಸಿಗೆ ಹೋಗಿದ್ದವು. ಸುಳ್ಯ ಮಾತ್ರ ಬಿಜೆಪಿಗೆ. ಐದೇ ವರ್ಷದಲ್ಲಿ, 2018ರಲ್ಲಿ, ಅದು ತಲೆಕೆಳಗಾಗಿ ಏಳು ಬಿಜೆಪಿಗೆ, ಒಂದು ಕಾಂಗ್ರೆಸ್ಸಿಗೆ ಆಯಿತು. 2023ರಲ್ಲಿ ಆರು, ಎರಡು. ಓಟಿನ ಅಲ್ಪಸಂಖ್ಯೆ ಹುಟ್ಟಿನಿಂದ ಬರುವುದಲ್ಲ, ಅದು ಬದಲಾಗಬಹುದು. ಇಂದು ಸೋತವರು ನಾಳೆ ನಾಲ್ಕು ಜನರ ಮನಸ್ಸು ಗೆದ್ದು ಬಹುಮತ ಪಡೆಯಬಹುದು. ಆ ಆಸೆ ಇರುವುದರಿಂದಲೇ ಸೋತವರು ಫಲಿತಾಂಶ ಒಪ್ಪಿ ಮನೆಗೆ ಹೋಗುತ್ತಾರೆ. ಆದರೆ ಓಟು ಎಂದರೆ ಜಾತಿ, ಧರ್ಮದ ತಲೆ ಎಣಿಕೆ ಎಂದಾದರೆ ಅಲ್ಲಿ ಮನಸ್ಸು ಗೆಲ್ಲುವ ಪ್ರಶ್ನೆಯೇ ಇಲ್ಲ. ಅದು ಗೆದ್ದವರಿಗೂ ನಷ್ಟ. ತಪ್ಪು ಮಾಡಿದಾಗ ಎದುರು ನಿಂತು ಹೇಳುವವರೇ ಅವರಿಗೆ ಇರುವುದಿಲ್ಲ.

ಹಾಗಾದರೆ ಸೋಲುವವರು ಐದು ವರ್ಷ ಏನು ಮಾಡಬೇಕು? ನಮ್ಮ ಓಣಿಯ ಚಪ್ಪಡಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಾಸ್ತರರು ಒಂದು ಅರ್ಜಿ ಬರೆದರು, ಉಮ್ಮ ಮನೆಮನೆಗೆ ಹೋಗಿ ಸಹಿ ಹಾಕಿಸಿದರು. ಲಾಡು ತಂದವರೂ ಸಹಿ ಹಾಕಿದರು, ಏಕೆಂದರೆ ಅವರ ಮೊಮ್ಮಗನೂ ಅದೇ ದಾರಿಯಲ್ಲಿ ಶಾಲೆಗೆ ಹೋಗುವುದು. ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಂಡರು. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳುವುದು ಎಂದು ಮಾಸ್ತರರು ಮೊದಲೇ ಹೇಳಿದ್ದರು. 2005ರ ಆ ಕಾಯ್ದೆಯಲ್ಲಿ ಹತ್ತು ರೂಪಾಯಿ ಶುಲ್ಕ ಕೊಟ್ಟರೆ ಮೂವತ್ತು ದಿನದೊಳಗೆ ಮಾಹಿತಿ ಕೊಡಬೇಕು, ಯಾಕೆ ಬೇಕು ಎಂದು ಕೇಳುವಂತಿಲ್ಲ. ಅಷ್ಟು ಬೇಕಾಗಲಿಲ್ಲ, ಮಳೆ ನಿಲ್ಲುವ ಮೊದಲೇ ಹೊಸ ಚಪ್ಪಡಿ ಬಂತು. ಆ ಅರ್ಜಿಯಲ್ಲಿ ಯಾರಿಗೆ ಓಟು ಹಾಕಿದ್ದೀರಿ ಎಂಬ ಕಾಲಂ ಇರಲಿಲ್ಲ. ಗೆದ್ದವರು ಓಟು ಹಾಕಿದವರಿಗೆ ಮಾತ್ರವಲ್ಲ, ಇಡೀ ವಾರ್ಡಿಗೆ ಪ್ರತಿನಿಧಿ. ಅದನ್ನು ನೆನಪಿಸುತ್ತಾ ಇರುವುದು ಸೋತವರ ಕೆಲಸ.

ಗೆಳೆಯರೇ, ಇಷ್ಟು ಬರೆದ ಮೇಲೆ ನಮ್ಮ ತರಗತಿಯ ಬಗ್ಗೆ ಬರೆಯದಿದ್ದರೆ ಸರಿಯಾಗುವುದಿಲ್ಲ. ಊರು ಒಂದು ಕಡೆ ವಾಲಿದ್ದರೆ ನಮ್ಮ ಕಾಲೇಜು ಇನ್ನೊಂದು ಕಡೆ ವಾಲಿದೆ. 2024ರ ಜೂನ್‌ನಲ್ಲಿ ಫಲಿತಾಂಶ ಬಂದ ಮರುದಿನ ತರಗತಿಯಲ್ಲಿ ಎಲ್ಲರಿಗೂ ಅದೇ ಮಾತು, ಅದೇ ಬೇಸರ. ಒಬ್ಬಳು ಮಾತ್ರ ತಲೆ ತಗ್ಗಿಸಿ ನೋಟ್ಸ್ ಬರೆಯುತ್ತಿದ್ದಳು. ಅವಳ ತಂದೆ ಗೆದ್ದ ಪಕ್ಷದ ಬೂತ್ ಕಾರ್ಯಕರ್ತರು. ಹಿಂದಿನ ರಾತ್ರಿ ಅವಳ ಮನೆಯಲ್ಲಿ ಹಬ್ಬ ಇದ್ದಿರಬೇಕು. ಆ ಸಂತೋಷವನ್ನು ಅವಳು ಗೇಟಿನ ಹೊರಗೇ ಬಿಟ್ಟು ಬಂದಿದ್ದಳು. ಊರಿಡೀ ಗೆದ್ದವಳು ನಮ್ಮ ನಡುವೆ ಕುಳಿತು ನನ್ನ ಉಪ್ಪನ ಅಂಗಡಿಯ ನಿಯಮವನ್ನೇ ಪಾಲಿಸುತ್ತಿದ್ದಳು. ಆ ಮೌನ ನನಗೆ ಎಷ್ಟು ಪರಿಚಿತ ಎಂದರೆ, ಮಧ್ಯಾಹ್ನ ಹೋಗಿ ಅವಳ ಪಕ್ಕದಲ್ಲೇ ಕುಳಿತೆ. ಅಂದಿನಿಂದ ಇಂದಿನವರೆಗೆ ನಾವು ಒಂದೇ ಬಸ್ಸಿನಲ್ಲಿ ಹೋಗುತ್ತೇವೆ, ದಾರಿಯಿಡೀ ವಾದ ಮಾಡುತ್ತೇವೆ. ಅವಳು ಒಂದೂ ಮಾತು ಬಿಟ್ಟುಕೊಡುವುದಿಲ್ಲ, ನಾನೂ ಬಿಡುವುದಿಲ್ಲ.

ಅದಕ್ಕೇ ಒಂದು ಸಣ್ಣ ಸಲಹೆ. ನಮ್ಮ ಚರ್ಚಾಕೂಟದಲ್ಲಿ ಯಾವ ವಿಷಯದ ಪರವಾಗಿ ಒಬ್ಬರೇ ಇರುತ್ತಾರೋ ಅವರಿಗೆ ಮೊದಲ ಅವಕಾಶ ಕೊಡೋಣ. ಅವರ ಸಮಯ ಮುಗಿಯುವವರೆಗೆ ಯಾರೂ ಬೆಂಚು ಬಡಿಯದಿರೋಣ. ಆಮೇಲೆ ಬೇಕಾದಷ್ಟು ಉತ್ತರ ಕೊಡೋಣ. ನಾವು ಊರಿನಿಂದ ಕೇಳುವುದೂ ಇಷ್ಟನ್ನೇ ಅಲ್ಲವೇ? ಕೈಯಲ್ಲಿ ಬಹುಮತ ಇರುವುದು ನಮಗೆ ಈ ನಾಲ್ಕು ಗೋಡೆಗಳ ಒಳಗೆ ಮಾತ್ರ. ಅದನ್ನು ಹೇಗೆ ಬಳಸುತ್ತೇವೆ ಎಂಬುದನ್ನು ನಾವು ಇಲ್ಲಿಯೇ ತೋರಿಸಬೇಕು.

ಹದಿನೇಳು ತುಂಬಿದವರು ಈಗಲೇ ನಮೂನೆ 6ರಲ್ಲಿ ಮುಂಗಡವಾಗಿ ಅರ್ಜಿ ಹಾಕಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ ಮೊದಲ ದಿನಾಂಕದಲ್ಲಿ ಯಾವಾಗ ಹದಿನೆಂಟು ತುಂಬಿರುತ್ತದೋ ಆಗ ಹೆಸರು ಪಟ್ಟಿಗೆ ಸೇರುತ್ತದೆ. ನಾವಿಬ್ಬರೂ ಉಪ್ಪನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿಸಿ ಅರ್ಜಿ ಹಾಕಿದ್ದೇವೆ. ಮೊದಲ ಓಟಿನಲ್ಲಿ ಬಹುಶಃ ಅವಳು ಗೆಲ್ಲುತ್ತಾಳೆ, ನಾನು ಸೋಲುತ್ತೇನೆ. ಮರುದಿನ ಬಸ್ಸಿನಲ್ಲಿ ಅವಳು ಸುಮ್ಮನೆ ಕೂರಬಾರದು, ನಾನೂ ಕೂರಬಾರದು. ಅಷ್ಟು ನಾವು ಮಾತಾಡಿಕೊಂಡಿದ್ದೇವೆ.