ಕಟ್ಟಿ ಓಡಿಸಿದ ಎಂಜಿನ್

ಹಿರೇನಲ್ಲೂರಿನ ನಮ್ಮ ತೋಟದ ಬಾವಿಗೆ ಐದು ಎಚ್‌ಪಿಯ ಡೀಸೆಲ್ ಎಂಜಿನ್ ಇತ್ತು. ಕರೆಂಟು ಬಂದ ಮೇಲೂ ಅಪ್ಪ ಅದನ್ನು ಮಾರಲಿಲ್ಲ. ವರ್ಷಕ್ಕೋ ಎರಡು ವರ್ಷಕ್ಕೋ ಅದು ಕರಿ ಹೊಗೆ ಉಗುಳತೊಡಗಿದರೆ ಗಾಡಿಗೆ ಹೇರಿ ಕಡೂರಿಗೆ ಒಯ್ಯುವುದು, ನಾಲ್ಕು ದಿನ ಬಿಟ್ಟು ತರುವುದು. ರಿಪೇರಿಯಾಗಿ ಬಂದ ಎಂಜಿನ್ನನ್ನು ಅಪ್ಪ ಎಂದೂ ನೇರವಾಗಿ ಬಾವಿಗೆ ಇಳಿಸಿದವರಲ್ಲ. ಕಣದ ಅಂಚಿನ ಬೇವಿನ ಮರದ ಬುಡದಲ್ಲಿ ಎರಡು ದಪ್ಪ ತೊಲೆ ಹಾಕಿ, ಅದರ ಮೇಲೆ ಎಂಜಿನ್ ಕೂರಿಸಿ, ಬೋಲ್ಟು ಬಿಗಿದು, ಸಾಲದ್ದಕ್ಕೆ ಮರಕ್ಕೂ ಎಂಜಿನ್ನಿಗೂ ಸರಪಳಿ ಸುತ್ತಿ, ಆಮೇಲೆ ಹ್ಯಾಂಡಲ್ ಹಾಕುತ್ತಿದ್ದರು. ‘ಕಟ್ಟಿ ಓಡಿಸಿ ನೋಡುವುದು’ ಅಂತ ನಮ್ಮ ಮನೆಯಲ್ಲಿ ಅದಕ್ಕೆ ಹೆಸರು.

ಎಂಜಿನ್ ಹಿಡಿದ ಮೇಲೆ ಅಪ್ಪ ಹಿತ್ತಾಳೆ ಲೋಟದ ತುಂಬ ನೀರು ತಂದು ಅದರ ನೆತ್ತಿಯ ಮೇಲೆ ಇಡುತ್ತಿದ್ದರು. ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಮೂಡಿ, ಅಂಚಿನಿಂದ ನಡುವಿಗೆ ಸರಿದು, ಒಂದರೊಳಗೊಂದು ಕರಗುತ್ತಿದ್ದವು. ಬಳೆಗಳು ಒಂದೇ ಸಮನಾಗಿ ಬಂದರೆ ಎಂಜಿನ್ ಸರಿಯಿದೆ. ನೀರು ಕದಡಿ ಚೆಲ್ಲಿದರೆ ಮತ್ತೆ ಕಡೂರಿಗೆ. ನಾನು ಮಂಡಿಯೂರಿ ಕೂತು ಆ ಲೋಟವನ್ನೇ ನೋಡುತ್ತಿದ್ದೆ. ಅಷ್ಟು ದೊಡ್ಡ ಸದ್ದಿನ ಒಳಗುಟ್ಟು ಒಂದು ಲೋಟ ನೀರಿಗೆ ಗೊತ್ತಾಗುತ್ತದಲ್ಲ ಎಂಬ ಬೆರಗು ಈಗಲೂ ಹೋಗಿಲ್ಲ.

ಬಾವಿಗೆ ಇಳಿಸಿದ ಮೇಲೆ ಇನ್ನೊಂದು ಕೆಲಸ. ಪಂಪಿನ ಬಾಯಿಗೆ ಕೊಡಗಟ್ಟಲೆ ನೀರು ತುಂಬಬೇಕು. ಫುಟ್‌ವಾಲ್ವ್ ಸೋರುತ್ತಿದ್ದರೆ ಸಗಣಿ ಕದಡಿದ ನೀರು. ಒಳಗೆ ಎಲ್ಲೋ ಒಂದು ಗುಟುಕು ಗಾಳಿ ಉಳಿದರೂ ಪಂಪು ಬರಿದೇ ತಿರುಗುತ್ತದೆ, ನೀರು ಏಳುವುದಿಲ್ಲ. ಗಾಳಿಯೆಲ್ಲ ಹೊರಬಿದ್ದು ಪಂಪು ನೀರು ಕಚ್ಚಿಕೊಂಡ ಗಳಿಗೆಯಲ್ಲಿ ಎಂಜಿನ್ನಿನ ದನಿಯೇ ಬದಲಾಗುತ್ತಿತ್ತು. ಹಗುರಾಗಿ ಚಟಪಟ ಎನ್ನುತ್ತಿದ್ದದ್ದು ತಗ್ಗಿ, ಎದೆಯಿಂದ ಬರುವ ದನಿಯಾಗುತ್ತಿತ್ತು. ಎರಡು ಹೊಲ ಆಚೆ ಅಡುಗೆಮನೆಯಲ್ಲಿದ್ದ ಅಮ್ಮ ಒಲೆಯ ಮುಂದೆ ಕೂತಲ್ಲಿಂದಲೇ “ನೀರು ಎತ್ತಿತು” ಅನ್ನುತ್ತಿದ್ದಳು. ಒಂದು ದಿನವೂ ತಪ್ಪಾಗಿದ್ದಿಲ್ಲ.

ಅಪ್ಪ ಹೋಗಿ ಹನ್ನೊಂದು ವರ್ಷ. ಎಂಜಿನ್ ಮನೆಯ ಮೂಲೆಯಲ್ಲಿ ಗೋಣಿ ಹೊದ್ದು ಕೂತಿದೆ.

ತಂಗಿಯ ಮಗ ಮಹೇಂದ್ರಗಿರಿಯಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ನನಗೊಂದು ಆಸೆ ಅಂಟಿಕೊಂಡಿತ್ತು. ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಪಣಗುಡಿ ಹತ್ತಿರ, ಬೆಟ್ಟದ ಬುಡದಲ್ಲಿ, ಇಸ್ರೋದ ಪ್ರೊಪಲ್ಷನ್ ಕಾಂಪ್ಲೆಕ್ಸ್ ಇದೆ. ನಮ್ಮ ರಾಕೆಟ್ಟುಗಳ ದ್ರವ ಇಂಧನದ ಎಂಜಿನ್ನುಗಳು ಹಾರುವ ಮೊದಲು ಅಲ್ಲಿ ಓಡುತ್ತವೆ, ನಿಂತಲ್ಲೇ. ಉಡಾವಣೆ ನೋಡುವವರಿಗೆ ಶ್ರೀಹರಿಕೋಟದಲ್ಲಿ ಗ್ಯಾಲರಿ ಕಟ್ಟಿಸಿದ್ದಾರೆ. ಕಟ್ಟಿ ಓಡಿಸುವುದನ್ನು ನೋಡುವವರಿಗೆ ಅಂಥ ಗ್ಯಾಲರಿ ಇಲ್ಲ. ನನಗೆ ನೋಡಬೇಕಾಗಿದ್ದದ್ದು ಅದೇ.

ಹುಡುಗ ಒಳಗಿನ ವಿಷಯ ಒಂದಕ್ಷರ ಬಾಯಿ ಬಿಡುವವನಲ್ಲ, ಅದು ಸರಿಯೂ ಹೌದು. “ಬಂದು ಹತ್ತು ದಿನ ಇರು ಮಾವ, ನಿನ್ನ ಅದೃಷ್ಟ ಇದ್ದರೆ ಮಹಡಿಯಿಂದಲೇ ಕಾಣುತ್ತೆ” ಅಂದಿದ್ದ. ಕಡೂರಿನಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಬದಲಿಸಿ, ಮರುದಿನ ವಳ್ಳಿಯೂರಿನಲ್ಲಿ ಇಳಿದೆ.

ಆ ಸೀಮೆ ನನಗೆ ಹೊಸದು ಅನ್ನಿಸಲೇ ಇಲ್ಲ. ನಮ್ಮಲ್ಲಿ ಪಡುವಣಕ್ಕೆ ತಿರುಗಿದರೆ ಬಾಬಾಬುಡನ್‌ಗಿರಿಯ ಸಾಲು, ಮಳೆಯೆಲ್ಲ ಬೆಟ್ಟದ ಆಚೆಗೆ, ನಮಗೆ ಬರೀ ತಂಪುಗಾಳಿ. ಇಲ್ಲೂ ಪಡುವಣಕ್ಕೆ ಅದೇ ಸಹ್ಯಾದ್ರಿಯ ಬಾಲ, ಅದರ ಆಚೆ ಕೇರಳದ ಹಸಿರು, ಈಚೆಗೆ ತಾಳೆಮರದ ಕೆಂಪು ಬಯಲು. ತೆಂಗಿನ ಬದಲು ತಾಳೆ, ಅಷ್ಟೇ. ಕಣಿವೆಯಿಂದ ನುಗ್ಗುವ ಗಾಳಿಗೆ ಸಾಲುಸಾಲು ಗಾಳಿಯಂತ್ರಗಳು ತಿರುಗುತ್ತವೆ. ಮಳೆಗಾಲದ ಮೋಡ ತಲೆಯ ಮೇಲೇ ಹಾದುಹೋಗಿ ಎಲ್ಲೋ ಸುರಿಯುವುದನ್ನು ನೋಡುತ್ತ ನಿಲ್ಲುವ ರೈತನ ಮುಖ ಎರಡೂ ಕಡೆ ಒಂದೇ.

ಸಂಜೆ ಮಹಡಿಯ ಮೇಲೆ ಕೂತು ಪತ್ರಿಕೆಯಲ್ಲಿ ಓದಿದ್ದನ್ನೆಲ್ಲ ಹುಡುಗನ ಮುಂದೆ ಹರಡುತ್ತಿದ್ದೆ. 2010ರ ಏಪ್ರಿಲ್ 15ರಂದು ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ಸಮುದ್ರಕ್ಕೆ ಬಿತ್ತು. ಎಂಜಿನ್ ಹೊತ್ತಿಕೊಂಡಿತ್ತು, ಆದರೆ ಜಲಜನಕ ಒದಗಿಸುವ ಬೂಸ್ಟರ್ ಪಂಪು ತಿರುಗಿದ್ದು ನಿಂತುಹೋಯಿತು. ಓದಿದ ದಿನ ಅಪ್ಪನಿಗೆ ಹೇಳಿದ್ದೆ. “ಹಿಡಿದಿದೆ, ಎತ್ತಿಲ್ಲ” ಅಂದು ಎದ್ದು ಹೋಗಿದ್ದರು. ಆ ಮೇಲೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ, ಇದೇ ಬೆಟ್ಟದ ಬುಡದಲ್ಲಿ ಓಡಿಸಿ, ನಿಲ್ಲಿಸಿ, ಬಿಚ್ಚಿ, ಜೋಡಿಸಿ, ಮತ್ತೆ ಓಡಿಸಿದರು. ಬಯಲಲ್ಲಿ ಹೊತ್ತಿದರೆ ಸಾಲದು, ಗಾಳಿಯಿಲ್ಲದ ಎತ್ತರದಲ್ಲೂ ಹೊತ್ತಬೇಕು ಅಂತ 2013ರಲ್ಲಿ ನಿರ್ವಾತದ ಕೋಣೆಯೊಳಗೆ ಹೊತ್ತಿಸಿ ನೋಡಿದರು. 2014ರ ಜನವರಿ 5ರಂದು ಅದು ಎತ್ತಿತು. ಇನ್ನೂ ದೊಡ್ಡದಾದ ಸಿಇ-20 ಎಂಜಿನ್ 2017ರ ಜೂನ್ 5ರಂದು ಮೊದಲು ಹಾರಿದಾಗ ಇಸ್ರೋದ ಅಧ್ಯಕ್ಷರಾಗಿದ್ದವರು ನಮ್ಮ ಪಕ್ಕದ ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್. ಆ ಸಂಜೆಗಿಂತ, ಅದಕ್ಕೆ ಮುಂಚೆ ಯಾರೂ ಚಪ್ಪಾಳೆ ತಟ್ಟದ ಆ ವರ್ಷಗಳ ಮೇಲೆ ನನಗೆ ಹೆಚ್ಚು ಪ್ರೀತಿ. ಚಂದ್ರಯಾನ-3ನ್ನು ಎತ್ತಿದ ಸಿಇ-20 ಕೂಡ 2023ರ ಫೆಬ್ರವರಿ 24ರಂದು ಇಲ್ಲೇ 25 ಸೆಕೆಂಡು ಓಡಿ ತೋರಿಸಿ ಹೋದದ್ದು. ಗಗನಯಾನಕ್ಕೆಂದು ಒಂದನ್ನು 2022ರ ಜನವರಿಯಲ್ಲಿ 720 ಸೆಕೆಂಡು ಓಡಿಸಿದರು. ಹನ್ನೆರಡು ನಿಮಿಷ! ಮನುಷ್ಯರು ಕೂರುವ ಗಾಡಿಗೆ ಅಷ್ಟು ನೋಡಲೇಬೇಕು.

ಸಿಇ-20 ಎಂದರೆ ಆರು ಕ್ವಿಂಟಾಲಿನ ಆಸುಪಾಸು ತೂಗುವ ಲೋಹ. ಅದು ಒತ್ತುವ ಬಲ ಇನ್ನೂರು ಕ್ವಿಂಟಾಲು. ಕುಡಿಯುವುದು ಎರಡೇ: ಸೊನ್ನೆಗಿಂತ 253 ಡಿಗ್ರಿ ಕೆಳಗಿನ ದ್ರವ ಜಲಜನಕ, 183 ಡಿಗ್ರಿ ಕೆಳಗಿನ ದ್ರವ ಆಮ್ಲಜನಕ. ನನಗೆ ಬಲು ಹಿಡಿಸಿದ ಸಂಗತಿಯೆಂದರೆ, ಹೊತ್ತಿಸುವ ಮೊದಲು ಕೊಳವೆಗಳನ್ನೂ ಪಂಪುಗಳನ್ನೂ ಅದೇ ದ್ರವ ಹರಿಸಿ ತಣಿಸುತ್ತಾರೆ. ಬೆಚ್ಚಗಿನ ಪಂಪಿಗೆ ದ್ರವ ಬಿಟ್ಟರೆ ಅದು ಕುದಿದು ಅನಿಲವಾಗುತ್ತದೆ, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಪಂಪು ಬರಿದೇ ತಿರುಗುತ್ತದೆ. ನಮ್ಮ ಬಾವಿಯ ತೊಂದರೆಯೇ. ಗಾಳಿ ಹಿಡಿದ ಪಂಪಿಗೆ ಅಪ್ಪ ಕೊಡದಲ್ಲಿ ನೀರು ಹೊಯ್ಯುತ್ತಿದ್ದದ್ದೂ ಇವರು ಕೊಳವೆ ತಣಿಸುವುದೂ ಬೇರೆ ಬೇರೆ ವಿದ್ಯೆಯಲ್ಲ.

ಏಳನೆಯ ದಿನ ಮಧ್ಯಾಹ್ನ ಹುಡುಗನ ಹೆಂಡತಿ ಬಟ್ಟೆ ಹರವಲು ಮೇಲೆ ಹೋದವಳು ಕೂಗಿದಳು. ಓಡಿದೆ. ನೆಟ್ಟಗೆ ನೋಡಿದರೆ ಐದು ಕಿಲೋಮೀಟರ್ ದೂರದಲ್ಲಿ, ಬೆಟ್ಟದ ಮಡಿಲಿನಿಂದ ಬಿಳಿಯ ಮೋಡವೊಂದು ಏಳುತ್ತಿತ್ತು. ಸದ್ದಿಲ್ಲ. ಹಾಲು ಉಕ್ಕಿದ ಹಾಗೆ ಉಕ್ಕಿ, ಬದಿಗೆ ಚೆಲ್ಲಿ, ಮತ್ತೆ ಉಕ್ಕುತ್ತಿತ್ತು. ಅಲ್ಲಿ ಎಂಜಿನ್ ಬಾಯಿ ಕೆಳಗಾಗಿ ಬಿಗಿಸಿಕೊಂಡಿರುತ್ತದೆ, ಉರಿ ಉಕ್ಕಿನ ಬಾಗಿದ ದೋಣಿಗೆ ಬಿದ್ದು ತಿರುಗುತ್ತದೆ, ಆ ಉಕ್ಕು ಕರಗದಿರಲೆಂದು ನೀರು ಎರಚುತ್ತಿರುತ್ತಾರೆ ಎಂದೆಲ್ಲ ಓದಿ ಬಲ್ಲೆ. ಕಣ್ಣಿಗೆ ಕಂಡದ್ದು ಮೋಡ ಮಾತ್ರ. ಮಿಂಚು ಕಂಡರೆ ಗುಡುಗಿನವರೆಗೆ ಎಣಿಸುವುದನ್ನು ಅಪ್ಪ ಕಲಿಸಿದ್ದರು. ಎಣಿಸುತ್ತಲೇ ಜೇಬಿನಿಂದ ಫೋನು ತೆಗೆದು ಅಮ್ಮನ ನಂಬರು ಒತ್ತಿದೆ. ಹದಿನೈದಕ್ಕೆ ಸದ್ದು ಬಂತು.

ಗುಡುಗು ಬಂದು ಹೋಗುತ್ತದೆ. ಇದು ಬಂದು ನಿಂತಿತು. ಕಿವಿಗಿಂತ ಮೊದಲು ಪಕ್ಕೆಲುಬಿಗೆ ಗೊತ್ತಾಯಿತು. ಒಣಗಲು ಇಟ್ಟ ಸ್ಟೀಲಿನ ತಟ್ಟೆ ಪ್ಯಾರಪೆಟ್ಟಿನ ಮೇಲೆ ಸಣ್ಣಗೆ ಕಿಣಿಕಿಣಿ ಎಂದಿತು. ಪಕ್ಕದಲ್ಲೇ ಹೂಕುಂಡಕ್ಕೆ ನೀರು ಹೊಯ್ದ ಚೊಂಬು. ಬಗ್ಗಿ ನೋಡಿದೆ. ಉಳಿದಿದ್ದ ನೀರಿನಲ್ಲಿ ಬಳೆಗಳು, ಅಂಚಿನಿಂದ ನಡುವಿಗೆ, ಒಂದೇ ಸಮ. ನಾನು ಎಷ್ಟೋ ಹೊತ್ತು ಬೆಟ್ಟ ನೋಡಲೇ ಇಲ್ಲ.

ಆ ಮೋಡದಲ್ಲಿ ತಂಪಿಗೆ ಸುರಿದ ನೀರೇ ಹೆಚ್ಚು. ಆದರೆ ಜಲಜನಕ, ಆಮ್ಲಜನಕ ಉರಿದರೆ ಹುಟ್ಟುವುದೂ ನೀರೇ. ಇಂಥ ಎಂಜಿನ್ ಸೆಕೆಂಡಿಗೆ ಸುಮಾರು 45 ಕಿಲೊ ಇಂಧನ ಕುಡಿಯುತ್ತದೆ. ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ ಮೂರು ಕೊಡ ನೀರು ಆವಿಯಾಗಿ ಹೊರಬರುತ್ತದೆ. ಬೇಸಿಗೆಯಲ್ಲಿ ಒಂದು ಕೊಡಕ್ಕೆ ಕಾದು ನಿಲ್ಲುವ ಕಡೆಯವನಿಗೆ ಆ ಲೆಕ್ಕ ಬೇಗ ಮರೆಯುವಂಥದ್ದಲ್ಲ.

ನಿಮಿಷದ ಮೇಲೆ ಸ್ವಲ್ಪ ಆಗಿರಬೇಕು, ಮೋಡದ ಬುಡ ಕಡಿಯಿತು. ಅಲ್ಲಿ ಎಂಜಿನ್ ನಿಂತಾಗಿತ್ತು. ನಮ್ಮ ಮಹಡಿಯಲ್ಲಿ ಮಾತ್ರ ಇನ್ನೂ ಓಡುತ್ತಿತ್ತು. ನಿಂತುಹೋದದ್ದರ ದನಿ ಅಷ್ಟೇ ಗಟ್ಟಿಯಾಗಿ, ಅಷ್ಟೇ ಹತ್ತಿರ, ಪಕ್ಕೆಲುಬು ಹಿಡಿದುಕೊಂಡು ನಿಂತಿತ್ತು. ಮತ್ತೆ ಎಣಿಸಿದೆ. ಹದಿನೈದಕ್ಕೆ ಕತ್ತರಿಸಿದ ಹಾಗೆ ನಿಂತಿತು. ಆಮೇಲೆ ಗಾಳಿಯಂತ್ರದ ರೆಕ್ಕೆಗಳ ಸುಯ್ ಸುಯ್ ಕೇಳಿಸಿತು, ಎಲ್ಲೋ ಒಂದು ಆಡಿನ ಮರಿ.

ಕೈಯಲ್ಲಿದ್ದ ಫೋನು ನೆನಪಾದದ್ದು ಆಗ. ಅಮ್ಮ ಎತ್ತಿದ್ದಳು, ಮಾತಾಡದೆ ಕೇಳುತ್ತ ಕೂತಿದ್ದಳು. ಅಷ್ಟು ಸದ್ದು ಆ ಸಣ್ಣ ಯಂತ್ರದಲ್ಲಿ ಎಷ್ಟು ದಾಟಿ ಹಿರೇನಲ್ಲೂರು ಮುಟ್ಟಿತೋ.

“ಏನೋ ಅದು?”

“ಎಂಜಿನ್ನಮ್ಮ. ಕಟ್ಟಿ ಓಡಿಸಿದರು.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿನ್ನೆಲೆಯಲ್ಲಿ ನಮ್ಮ ಮನೆಯ ಗಡಿಯಾರದ ಟಿಕ್ ಟಿಕ್.

“ನೀರು ಎತ್ತಿತಾ?”

ಬೆಟ್ಟದಿಂದ ಬಿಡಿಸಿಕೊಂಡ ಮೋಡ ಗಾಳಿಗೆ ವಾಲಿ, ತಾಳೆಮರಗಳ ಮೇಲೆ, ಒಣಬಯಲಿನ ಕಡೆಗೆ ನಿಧಾನವಾಗಿ ಬರುತ್ತಿತ್ತು.

“ಎತ್ತಿತಮ್ಮ” ಅಂದೆ.